ಮನಿ ಪ್ಲಾಂಟ್ ಚಿಗುರಬೇಕಾದರೆ ಗೆಣ್ಣು ಬೇಕು

ಅಕ್ಕಾ, ಬಾಟಲಿ ನೀರಿನಲ್ಲಿಟ್ಟ ಮನಿ ಪ್ಲಾಂಟ್ ಎಲೆ ಹಸಿರಾಗೇ ಇದೆ, ಬೇರೂ ಬಂದಿದೆ, ಚಿಗುರು ಮಾತ್ರ ಯಾಕಿಲ್ಲ ಅಂತ ಕೇಳಿದ್ದೀರಿ ಅಲ್ವಾ? ಫೋಟೋ ನೋಡಿದೆ. ನೀವು ಇಟ್ಟಿರೋದು ಬರೀ ಎಲೆ ಮತ್ತು ಅದರ ತೊಟ್ಟು. ಚಿಗುರೊಡೆಯೋ ಕಣ್ಣು ಅದರಲ್ಲಿ ಇಲ್ಲವೇ ಇಲ್ಲ. ಎಷ್ಟು ಕಾದರೂ ಅದು ಎಲೆಯಾಗೇ ಇರುತ್ತದೆ.

ಬಳ್ಳಿಯನ್ನು ಕೈಯಲ್ಲಿ ಹಿಡಿದು ನೋಡಿ. ತೊಟ್ಟು ಬಳ್ಳಿಗೆ ಸೇರುವ ಕಡೆ ಉಂಗುರದ ಹಾಗೆ ಒಂದು ಗೆರೆ ಕಾಣುತ್ತದೆ. ಅದೇ ಗೆಣ್ಣು. ಅಲ್ಲೇ ಪಕ್ಕದಲ್ಲಿ ಕಂದು ಬಣ್ಣದ ಸಣ್ಣ ಮೊನೆ ಇರುತ್ತದೆ, ಬೇರು ಇಳಿಯುವುದು ಅದರಿಂದ. ತೊಟ್ಟಿನ ಬುಡದ ಸಂದಿಯಲ್ಲಿ ಕಣ್ಣು ಅಡಗಿರುತ್ತದೆ, ಹೊಸ ಬಳ್ಳಿ ಹೊರಡುವುದು ಅಲ್ಲಿಂದ. ಗೆಣ್ಣಿನ ಮೇಲೆ ಕೆಳಗೆ ಒಂದೊಂದು ಇಂಚು ಬಿಟ್ಟು, ಹರಿತವಾದ ಕತ್ತರಿಯಲ್ಲಿ ಕತ್ತರಿಸಿ. ಒಂದು ತುಂಡಿಗೆ ಒಂದು ಗೆಣ್ಣು, ಒಂದು ಎಲೆ ಇದ್ದರೆ ಸಾಕು. ಕದ್ದು ತಂದ ಮನಿ ಪ್ಲಾಂಟೇ ಚೆನ್ನಾಗಿ ಬರುತ್ತೆ ಅಂತಾರಲ್ಲ, ಕದಿಯುವವರೂ ಗೆಣ್ಣು ನೋಡಿಯೇ ಕದಿಯಬೇಕು!

ಗೆಣ್ಣು ನೀರಿನಲ್ಲಿ ಮುಳುಗಿರಲಿ, ಎಲೆ ಮೇಲಿರಲಿ. ಬೆಳಕು ಬೇಕು, ನೇರ ಬಿಸಿಲು ಬೇಡ. ಚಳಿಗಾಲದಲ್ಲಿ ಬೇರು ನಿಧಾನ, ಗಾಬರಿ ಬೇಡ.

ನೀರಿನ ವಿಷಯಕ್ಕೆ ಸ್ವಲ್ಪ ಗಮನ ಕೊಡಿ. ಕಡಿಮೆಯಾದಾಗ ಸುಮ್ನೆ ಮೇಲಿಂದ ತುಂಬಿಸಿದರೆ ಆಗಲ್ಲ. ಡೆಂಗಿ ಹರಡುವ ಸೊಳ್ಳೆಗೆ ಇಂಥ ತಿಳಿ ನೀರೇ ಇಷ್ಟ. ಅದರ ಮೊಟ್ಟೆ ನೀರಿನ ಅಂಚಿಗೆ ಬಾಟಲಿಯ ಗೋಡೆಗೇ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರೂ ಹೋಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಒಳಗೆ ಬ್ರಷ್ ಹಾಕಿ ಉಜ್ಜಿ, ಹೊಸ ನೀರು ತುಂಬಿಸಿ.

ಬೇರು ಎರಡು ಮೂರು ಇಂಚು ಬಂದ ಮೇಲೆ ಕುಂಡಕ್ಕೆ ಹಾಕಿ. ತುಂಬಾ ದಿನ ನೀರಿನಲ್ಲೇ ಬೆಳೆದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಒದ್ದಾಡುತ್ತದೆ. ಕೆಂಪು ಮಣ್ಣು, ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಸಾಕು. ಮೊದಲ ಎರಡು ವಾರ ಮಣ್ಣು ಒಣಗಲು ಬಿಡಬೇಡಿ. ಒಂದೇ ಕುಂಡಕ್ಕೆ ನಾಲ್ಕೈದು ತುಂಡು ನೆಟ್ಟರೆ ಗಿಡ ತುಂಬಿಕೊಂಡು ಕಾಣುತ್ತದೆ, ಒಂದೇ ನೆಟ್ಟರೆ ಒಂಟಿ ಬಳ್ಳಿ ಜೋತಾಡುತ್ತದೆ.

ಬಿಳಿ ಮಚ್ಚೆಯ ಜಾತಿಯಾದರೆ ಹಸಿರು, ಬಿಳಿ ಎರಡೂ ಇರುವ ತುಂಡನ್ನೇ ಆರಿಸಿ. ಪೂರ್ತಿ ಬಿಳಿ ಎಲೆಗೆ ತನ್ನ ಆಹಾರ ತಯಾರಿಸಿಕೊಳ್ಳಲು ಹಸಿರೇ ಇರುವುದಿಲ್ಲ, ಅಂಥ ತುಂಡು ಬಾಳುವುದಿಲ್ಲ.

ಮನೆಯಲ್ಲಿ ಬೆಕ್ಕು, ನಾಯಿ ಅಥವಾ ಕೈಗೆ ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕೋ ಮಗು ಇದ್ದರೆ ಎತ್ತರದಲ್ಲಿಡಿ. ಇದು ಕೆಸುವಿನ ಕುಟುಂಬದ್ದು, ಎಲೆ ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ.