ಹಾಡಲು ಬಂದರೆ ಬಿಲ್ಲಿ ಹಾಲಿಡೇ ಪಾತ್ರ ಸುಲಭವಾ?

ನೀವು ಕೇಳಿದ್ದು ಇದು: ಆಂಡ್ರಾ ಡೇ ಅಮೆರಿಕದ ಗಾಯಕಿ, ಅವರು ಪಾತ್ರ ಮಾಡಿದ ಬಿಲ್ಲಿ ಹಾಲಿಡೇ ಕೂಡ ಅಲ್ಲಿನ ಹಳೆಯ ಜಾಝ್ ಗಾಯಕಿ. ಹಾಗಿದ್ದ ಮೇಲೆ ‘ದಿ ಯುನೈಟೆಡ್ ಸ್ಟೇಟ್ಸ್ ವರ್ಸಸ್ ಬಿಲ್ಲಿ ಹಾಲಿಡೇ’ ಸಿನಿಮಾದಲ್ಲಿ ಆಂಡ್ರಾಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದದ್ದು ನಟನೆಗಾ, ಗಂಟಲಿಗಾ?

ನಾನು ಐದಾರು ವರ್ಷ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹಾಡಿದವಳು. ಜಾನಕಿಯಮ್ಮನ ಹಾಡು ಎತ್ತಿಕೊಂಡರೆ ಜನಕ್ಕೆ ಜಾನಕಿಯಮ್ಮನೇ ಕೇಳಿಸಬೇಕು, ಇಲ್ಲದಿದ್ದರೆ ಹಿಂದಿನ ಸಾಲಿನಿಂದ ಶಿಳ್ಳೆ ಗ್ಯಾರಂಟಿ. ಅದೇ ಅನುಭವದಿಂದ ಹೇಳ್ತೀನಿ, ಇಂಥ ಕೆಲಸಕ್ಕೆ ಹಾಡು ಬರುವುದು ಅನುಕೂಲಕ್ಕಿಂತ ತೊಡಕೇ ಜಾಸ್ತಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಸ್ವರ ಎಳೆಯಬೇಕು ಅಂತ ಗಂಟಲಿಗೆ ಅದರದ್ದೇ ರೂಢಿ ಇರುತ್ತೆ. ಅದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಆಂಡ್ರಾ ಡೇ ಅವರ 2015ರ ‘ರೈಸ್ ಅಪ್’ ಕೇಳಿ ನೋಡಿ. ಮೆಲ್ಲಗೆ ಶುರುವಾಗಿ ಮೇಲೇರುತ್ತಾ ಹೋಗುವ ತುಂಬುದನಿ. ಬಿಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅವರ ದನಿಯ ಹರವು ಒಂದು ಸ್ಥಾಯಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ತಾಳಕ್ಕಿಂತ ಒಂದು ಚೂರು ಹಿಂದೆ ಉಳಿದು, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಿದ್ದರು. ಕೊನೆಯ ವರ್ಷಗಳಲ್ಲಂತೂ ದನಿ ಒಡೆದುಹೋಗಿತ್ತು. ಅಂದರೆ ಆಂಡ್ರಾ ಇಲ್ಲಿ ಚೆನ್ನಾಗಿ ಹಾಡುವುದಲ್ಲ, ತನ್ನ ದನಿಯನ್ನೇ ಕೆಡಿಸಿಕೊಳ್ಳಬೇಕಿತ್ತು.

ಕೆಡಿಸಿಕೊಂಡರು ಕೂಡ. ಮೊದಲು ಸಿಗರೇಟು, ಮದ್ಯ ಎರಡೂ ಮುಟ್ಟದಿದ್ದವರು ಈ ಪಾತ್ರಕ್ಕಾಗಿ ಶುರು ಮಾಡಿದರು. ಸುಮಾರು 18 ಕಿಲೋ ತೂಕ ಇಳಿಸಿದರು. ಗಂಟಲೇ ಅನ್ನ ಹಾಕುವಾಗ ಹೀಗೆ ಮಾಡುವುದನ್ನು ಮೆಚ್ಚಬೇಕಾ, ಬೈಯಬೇಕಾ ಅಂತ ನನಗಿನ್ನೂ ಗೊಂದಲ. ಮೊದಲು ಈ ಪಾತ್ರವೇ ಬೇಡ ಅಂದಿದ್ದರಂತೆ. ಬಿಲ್ಲಿ ಅಂದರೆ ಅವರಿಗೆ ಅಷ್ಟು ಭಕ್ತಿ. ಹೆಸರಿನಲ್ಲಿರುವ ‘ಡೇ’ ಕೂಡ ಬಿಲ್ಲಿಯಿಂದ ಬಂದದ್ದೇ. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಬಿಲ್ಲಿಯನ್ನು ‘ಲೇಡಿ ಡೇ’ ಅಂತ ಕರೆಯುತ್ತಿದ್ದರು.

‘ಸ್ಟ್ರೇಂಜ್ ಫ್ರೂಟ್’ ದೃಶ್ಯದ ಬಗ್ಗೆ ಹೇಳಲೇಬೇಕು. ಬಿಳಿಯರ ಗುಂಪು ಕಪ್ಪು ಜನರನ್ನು ಹಿಡಿದು ಮರಕ್ಕೆ ನೇಣು ಹಾಕುತ್ತಿದ್ದುದರ ಬಗ್ಗೆ ಇರುವ ಹಾಡು ಅದು. ಬರೆದವರು ಅಬೆಲ್ ಮೀರೋಪೋಲ್, ನ್ಯೂಯಾರ್ಕಿನ ಒಬ್ಬ ಸ್ಕೂಲ್ ಮೇಷ್ಟ್ರು. ಬಿಲ್ಲಿಯ ರೆಕಾರ್ಡ್ ಕಂಪನಿ ಕೊಲಂಬಿಯಾ ಇದನ್ನು ಮಾಡಲು ಒಪ್ಪಲಿಲ್ಲ, 1939ರಲ್ಲಿ ಕಮೊಡೋರ್ ಅನ್ನುವ ಸಣ್ಣ ಕಂಪನಿ ಮಾಡಿತು. ಕೆಫೆ ಸೊಸೈಟಿ ಕ್ಲಬ್ಬಿನಲ್ಲಿ ಇದು ಯಾವಾಗಲೂ ಕೊನೆಯ ಹಾಡು. ವೇಟರುಗಳು ಕೆಲಸ ನಿಲ್ಲಿಸುತ್ತಿದ್ದರು, ದೀಪ ಆರುತ್ತಿತ್ತು, ಬೆಳಕು ಬಿಲ್ಲಿಯ ಮುಖದ ಮೇಲೆ ಮಾತ್ರ. ಮುಗಿದ ಮೇಲೆ ‘ಒನ್ಸ್ ಮೋರ್’ ಅಂತ ಎಷ್ಟು ಕೂಗಿದರೂ ವಾಪಸ್ ಬರುತ್ತಿರಲಿಲ್ಲ. ಸಿನಿಮಾದಲ್ಲಿಯೂ ಕ್ಯಾಮೆರಾ ಆಂಡ್ರಾ ಮುಖದ ಹತ್ತಿರವೇ ನಿಲ್ಲುತ್ತೆ. ದನಿ ಅವರದ್ದೇ, ಬೇರೆ ಯಾರದ್ದೂ ಹಾಕಿಲ್ಲ. ಆದರೆ ನಾನು ನೋಡಿದ್ದು ಬಾಯಿಯನ್ನು. ಕೆಲವು ಪದಗಳನ್ನು ಹಲ್ಲಿನ ಹಿಂದೆಯೇ ಹಿಡಿದಿಟ್ಟು, ಮನಸ್ಸಿಲ್ಲದೆ ಬಿಟ್ಟ ಹಾಗೆ ಬಿಡುತ್ತಾರೆ. ಅದನ್ನು ಯಾವ ಸಂಗೀತದ ಮೇಷ್ಟ್ರೂ ಹೇಳಿಕೊಡಲ್ಲ.

ಇನ್ನೂ ಅನುಮಾನ ಇದ್ದರೆ ರೇಡಿಯೋ ಸಂದರ್ಶನದ ದೃಶ್ಯಗಳನ್ನು ನೋಡಿ. ಅಲ್ಲಿ ಹಾಡಿಲ್ಲ, ಬರೀ ಮಾತು. ಒಡಕು ದನಿ, ನಗುವಿನ ನಡುವೆ ಒಂದು ಚುಚ್ಚು. ಗಾಯಕಿ ಅಂತ ರಿಯಾಯಿತಿ ಕೊಡಲು ಅಲ್ಲಿ ಏನೂ ಇಲ್ಲ.

ಸಿನಿಮಾ ಮಾತ್ರ ಸುಮಾರು. ನಿರ್ದೇಶಕ ಲೀ ಡೇನಿಯಲ್ಸ್ ಎಲ್ಲವನ್ನೂ ತುರುಕಲು ಹೋಗಿ ಗೋಜಲು ಮಾಡಿದ್ದಾರೆ. ಮಾದಕ ವಸ್ತು ಇಲಾಖೆಯವರು ಬಿಲ್ಲಿಯ ಬೆನ್ನು ಬಿದ್ದದ್ದು ನಿಜ. 1947ರಲ್ಲಿ ಜೈಲಾಯಿತು. ಹೊರಬಂದ ಮೇಲೆ 1948ರ ಮಾರ್ಚಿನಲ್ಲಿ ಕಾರ್ನೆಗಿ ಹಾಲ್ ತುಂಬಿಸಿದರು, ಆದರೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡುವ ಪರವಾನಗಿ ಇರಲಿಲ್ಲ. ಜಾಝ್ ಗಾಯಕಿಗೆ ಕ್ಲಬ್ ಇಲ್ಲ ಅಂದರೆ ಹೊಟ್ಟೆಪಾಡೇ ಹೋಯಿತು ಅಲ್ವಾ? ಸಿನಿಮಾ ಇದರ ಮೇಲೆ ನಿಲ್ಲುವ ಬದಲು, ಬೆನ್ನು ಬಿದ್ದ ಏಜೆಂಟನ ಜೊತೆಗಿನ ಪ್ರೇಮಕಥೆಗೆ ಜಾಸ್ತಿ ಹೊತ್ತು ಕೊಡುತ್ತೆ.

ಹೋಲಿಕೆಗೆ ಇನ್ನೊಬ್ಬ ಗಾಯಕಿ ಡಯಾನಾ ರಾಸ್ ಇದ್ದಾರೆ. ತಾವು ಹಾಡುತ್ತಿದ್ದ ಸುಪ್ರೀಮ್ಸ್ ತಂಡ ಬಿಟ್ಟ ಎರಡು ವರ್ಷಕ್ಕೆ, 1972ರಲ್ಲಿ, ‘ಲೇಡಿ ಸಿಂಗ್ಸ್ ದಿ ಬ್ಲೂಸ್’ನಲ್ಲಿ ಇದೇ ಬಿಲ್ಲಿಯ ಪಾತ್ರ ಮಾಡಿದರು. ಅದು ಅವರ ಮೊದಲ ಸಿನಿಮಾ. ಅವರು ಬಿಲ್ಲಿಯ ದನಿಯ ಅನುಕರಣೆಗೆ ಹೋಗಲಿಲ್ಲ, ತಮ್ಮ ದನಿಯಲ್ಲೇ ಹಾಡಿದರು. ಅದೂ ಒಂದು ದಾರಿ, ಬಹುಶಃ ಜಾಣ ದಾರಿ. ಆಸ್ಕರ್ ನಾಮನಿರ್ದೇಶನ ಇಬ್ಬರಿಗೂ ಬಂತು, ಪ್ರಶಸ್ತಿ ಇಬ್ಬರಿಗೂ ತಪ್ಪಿತು. ರಾಸ್ ಎದುರು ಲೈಜಾ ಮಿನೆಲ್ಲಿ ಗೆದ್ದರೆ, ಆಂಡ್ರಾ ಎದುರು ಫ್ರಾನ್ಸಿಸ್ ಮೆಕ್‌ಡಾರ್ಮಂಡ್.

ಇನ್ನೊಂದು ಸಣ್ಣ ತಿದ್ದುಪಡಿ. ಇದು ಆಂಡ್ರಾ ಅವರ ಮೊದಲ ಸಿನಿಮಾ ಅಂದುಕೊಂಡರೆ ಅಲ್ಲ, ಮೊದಲ ದೊಡ್ಡ ಪಾತ್ರ. 2017ರ ‘ಮಾರ್ಷಲ್’ನಲ್ಲಿ ಕ್ಲಬ್ ಗಾಯಕಿಯಾಗಿ ಹೀಗೆ ಬಂದು ಹಾಗೆ ಹೋಗಿದ್ದರು. ನಾನೂ ಆ ಸಿನಿಮಾ ನೋಡಿದ್ದೆ, ಆದರೆ ಅವರನ್ನು ಗಮನಿಸಿಯೇ ಇರಲಿಲ್ಲ.