ಒಂದೇ ಆಸನದ ಗ್ಲೈಡರ್‌ನಲ್ಲಿ ಮೊದಲ ಹಾರಾಟ

ಪ್ರಶ್ನೆ: ಮೇಡಂ, ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಕೆಲಸದಲ್ಲಿದ್ದೇನೆ. ಕ್ಲಬ್ಬಿನ ಎಎಸ್‌ಕೆ 21 ಎಂಬ ಎರಡು ಆಸನದ ಗ್ಲೈಡರ್‌ನಲ್ಲಿ (ಎಂಜಿನ್ ಇಲ್ಲದ ವಿಮಾನ) ಕಲಿತು ಲೈಸೆನ್ಸ್ ಪಡೆದೆ. ಈಗ ಗೆಳೆಯನೊಂದಿಗೆ ಸೇರಿ ಸ್ಟ್ಯಾಂಡರ್ಡ್ ಸಿರಸ್ ಎಂಬ 1972ರ ಒಂದೇ ಆಸನದ ಗ್ಲೈಡರ್ ಕೊಂಡಿದ್ದೇನೆ. ಅದರ ಮೂಗು ಬಲು ಚಂಚಲ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಸಿದ್ಧತೆ ಹೇಗಿರಬೇಕು? ಮೊದಲ ದಿನವೇ ಗಾಲಿ ಮಡಚಿ ಸ್ವಲ್ಪ ದೂರ ಹೋಗಿಬರುವ ಆಸೆಯೂ ಇದೆ.
– ಓದುಗರೊಬ್ಬರು, ಜರ್ಮನಿ

ಉತ್ತರ: ಅಭಿನಂದನೆಗಳು. ದೂರ ಹೋಗುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ.

ನಿಮ್ಮನ್ನು ಹೆದರಿಸುವವರು ಸುಳ್ಳು ಹೇಳುತ್ತಿಲ್ಲ, ಆದರೆ ಕಾರಣ ಹೇಳುತ್ತಿಲ್ಲ. ಎಎಸ್‌ಕೆ 21ರ ಬಾಲದಲ್ಲಿ ಅಡ್ಡರೆಕ್ಕೆಯ ಮುಂಭಾಗ ಅಲುಗದೆ ನಿಂತಿರುತ್ತದೆ, ಹಿಂಭಾಗದ ಪಟ್ಟಿ ಮಾತ್ರ ಮೇಲೆ ಕೆಳಗೆ ಆಡುತ್ತದೆ. ಕ್ಲಾಸ್ ಹೋಲಿಗ್‌ಹೌಸ್ ವಿನ್ಯಾಸ ಮಾಡಿದ, 1969ರಲ್ಲಿ ಮೊದಲು ಹಾರಿದ ಸಿರಸ್‌ನಲ್ಲಿ ಇಡೀ ಅಡ್ಡರೆಕ್ಕೆಯೇ ತಿರುಗುತ್ತದೆ. ಸ್ಟಿಕ್ (ವಿಮಾನ ನಡೆಸುವ ಕೋಲು) ಹಗುರ, ಪರಿಣಾಮ ದೊಡ್ಡದು. ಮೂಗು ಏಳುತ್ತದೆ, ನೀವು ಒತ್ತುತ್ತೀರಿ. ಒತ್ತುವಷ್ಟರಲ್ಲಿ ಅದು ತಾನಾಗಿಯೇ ಇಳಿಯತೊಡಗಿರುತ್ತದೆ, ನಿಮ್ಮ ಒತ್ತು ಅದಕ್ಕೆ ಸೇರಿಕೊಳ್ಳುತ್ತದೆ. ಗಾಬರಿಯಿಂದ ಎಳೆಯುತ್ತೀರಿ. ಎರಡು ಮೂರು ಸಲ ಹೀಗಾದರೆ ಉಯ್ಯಾಲೆ ಶುರುವಾಯಿತೆಂದೇ ತಿಳಿಯಿರಿ. ಮುಂಗೈಯನ್ನು ತೊಡೆಯ ಮೇಲೆ ಊರಿ, ರಂಗೋಲಿಯ ಎಳೆ ಬಿಡುವಾಗ ಬೆರಳಲ್ಲಿರುವಷ್ಟೇ ಬಿಗಿಯಲ್ಲಿ ಸ್ಟಿಕ್ ಹಿಡಿಯಿರಿ. ಉಯ್ಯಾಲೆ ಶುರುವಾಗಿಯೇಬಿಟ್ಟರೆ ಅದರ ಹಿಂದೆ ಓಡಬೇಡಿ, ಸ್ಟಿಕ್ಕನ್ನು ನಡುವೆ ಅಲುಗಿಸದೆ ಹಿಡಿಯಿರಿ. ವಿಮಾನ ತಾನೇ ಸುಧಾರಿಸಿಕೊಳ್ಳುತ್ತದೆ.

ಇನ್ನು ತೂಕ. ಕಾಕ್‌ಪಿಟ್‌ನಲ್ಲಿ ಅಂಟಿಸಿರುವ ಫಲಕವನ್ನು ಓದಿ. ಪೈಲಟ್ಟು ಮತ್ತು ಪ್ಯಾರಾಶೂಟ್ ಸೇರಿ ಕನಿಷ್ಠ ಇಷ್ಟು ಕಿಲೋ ಇರಬೇಕೆಂದು ಅಲ್ಲಿ ಬರೆದಿರುತ್ತದೆ. ಧಾರವಾಡದಲ್ಲಿ ನನ್ನ ಅಜ್ಜಿ ‘ಗಾಳಿಗೆ ಹಾರಿ ಹೋಗುತ್ತೀ’ ಎನ್ನುತ್ತಿದ್ದಳು. ಆ ಮೈಕಟ್ಟು ಇನ್ನೂ ಹಾಗೆಯೇ ಇರುವುದರಿಂದ ಸೀಸದ ತೂಕ ಬಿಗಿಯದೆ ನಾನು ಯಾವ ಒಂಟಿ ಆಸನದ ಗ್ಲೈಡರನ್ನೂ ಏರುವುದಿಲ್ಲ. ಪೈಲಟ್ ಹಗುರವಾದಷ್ಟೂ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಮೊದಲೇ ಚಂಚಲವಾದ ಮೂಗು ಇನ್ನಷ್ಟು ಚಂಚಲವಾಗುತ್ತದೆ, ನಿಧಾನದ ತಿರುವಿನಲ್ಲಿ ಒಳಗಿನ ರೆಕ್ಕೆ ಬಿದ್ದು ಸ್ಪಿನ್ ಆಗುವುದೂ (ಗಿರಕಿ ಹೊಡೆಯುತ್ತ ಕೆಳಗಿಳಿಯುವುದು) ಸುಲಭವಾಗುತ್ತದೆ. ನೀವು ಕನಿಷ್ಠ ಮಿತಿಯಲ್ಲಿದ್ದರೂ ಮೊದಲ ದಿನ ಸ್ವಲ್ಪ ಸೀಸ ಹೆಚ್ಚೇ ಇರಲಿ. ಗರಿಷ್ಠ ಮಿತಿ ದಾಟದಿದ್ದರೆ ಸಾಕು.

ನನಗೆ ಹಾರಾಟಕ್ಕಿಂತ ಜೋಡಣೆಯ ಚಿಂತೆ ಹೆಚ್ಚು. ಸಿರಸ್‌ನಲ್ಲಿ ರೆಕ್ಕೆ ಕೂರಿಸಿದ ಮೇಲೆ ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ) ಮತ್ತು ಏರ್‌ಬ್ರೇಕಿನ (ಇಳಿಯಲು ರೆಕ್ಕೆಯಿಂದ ಮೇಲೇಳುವ ಫಲಕ) ಕೊಂಡಿಗಳನ್ನು ಕೈಯಿಂದಲೇ ಸೇರಿಸಬೇಕು. ಎಎಸ್‌ಕೆ 21 ಹ್ಯಾಂಗರ್‌ನಲ್ಲಿ ಜೋಡಿಸಿಯೇ ನಿಂತಿರುವುದರಿಂದ ನಿಮಗೆ ಈ ಕೆಲಸದ ರೂಢಿ ಇರಲಾರದು. ಕೊಂಡಿ ಸೇರಿದಂತೆ ಕಾಣುವುದು ಬೇರೆ, ಸೇರಿರುವುದು ಬೇರೆ. ಪಿನ್ ಹಾಕಿ, ಎಳೆದು ನೋಡಿ. ಬಳಿಕ ಇನ್ನೊಬ್ಬರು ಏಲರಾನನ್ನು ಹೊರಗಿನಿಂದ ಗಟ್ಟಿಯಾಗಿ ಹಿಡಿದಿರಲಿ, ನೀವು ಒಳಗಿನಿಂದ ಸ್ಟಿಕ್ಕನ್ನು ತಳ್ಳಿ ನೋಡಿ. ಬ್ರೇಕಿಗೂ ಬಾಲಕ್ಕೂ ಹೀಗೆಯೇ. ಜೋಡಿಸುವಾಗ ಯಾರೊಂದಿಗೂ ಮಾತು ಬೇಡ. ಭಾನುವಾರ ಕ್ಲಬ್ಬಿಗೆ ಕಾಫಿ, ಕೇಕಿಗೆಂದು ಬಂದವರೆಲ್ಲ ಸಲಹೆಗಾರರೇ ಆಗಿರುತ್ತಾರೆ. ನನ್ನ ಕೇಳಿದರೆ ಜನ ಕಡಿಮೆ ಇರುವ ಸಂಜೆಯೇ ವಾಸಿ, ಗಾಳಿಯೂ ಆಗ ಶಾಂತವಾಗಿರುತ್ತದೆ.

ಹಿಂದಿನ ದಿನ ಸುಮ್ಮನೆ ಒಳಗೆ ಕುಳಿತುಕೊಳ್ಳಿ. ಯಾರಾದರೂ ಬಾಲವನ್ನು ಹಾರಾಟದ ಭಂಗಿಗೆ ಎತ್ತಿ ಹಿಡಿಯಲಿ. ಸಿರಸ್‌ನಲ್ಲಿ ಅರೆ ಮಲಗಿದಂತೆ ಕೂರಬೇಕಾದ್ದರಿಂದ ದಿಗಂತ ನೀವು ರೂಢಿಸಿಕೊಂಡ ಜಾಗದಲ್ಲಿ ಕಾಣುವುದಿಲ್ಲ. ಎಲ್ಲಿ ಕಾಣುತ್ತದೆ ಎಂಬುದನ್ನು ನೆಲದಲ್ಲೇ ನೋಡಿಟ್ಟುಕೊಳ್ಳಿ. ಕಣ್ಣು ಮುಚ್ಚಿ ಕೇಬಲ್ ಬಿಡುವ ಹಿಡಿ, ಏರ್‌ಬ್ರೇಕ್, ಗಾಲಿಯ ಹಿಡಿ ಇವನ್ನು ಮುಟ್ಟಿ ಗುರುತಿಸಿ. ಬೆನ್ನ ಹಿಂದೆ ಮೆತ್ತನೆಯ ದಿಂಬು ಬೇಡ. ನೆಲದ ಮೇಲಿನ ವಿಂಚ್ ಯಂತ್ರ ಕೇಬಲ್ಲಿನಿಂದ ಎಳೆದಾಗ ದಿಂಬು ಕುಗ್ಗಿ ನೀವು ಹಿಂದೆ ಜಾರುತ್ತೀರಿ, ಜಾರಿದ ಕೈ ಸ್ಟಿಕ್ಕನ್ನೂ ಎಳೆಯುತ್ತದೆ.

ಆದರೂ ಮೊದಲ ಸಲ ವಿಂಚ್‌ಗಿಂತ ಎಂಜಿನ್ ವಿಮಾನ ಎಳೆಯುವ ಹಗ್ಗವೇ ಮೇಲು, ಎತ್ತರ ಸಿಗುತ್ತದೆ. ಸಾವಿರ ಮೀಟರಿನಲ್ಲಿ ವೇಗ ಇಳಿಸಿ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಹೇಗೆ ಸೂಚನೆ ಕೊಡುತ್ತದೆಂದು ನೋಡಿ, ಏರ್‌ಬ್ರೇಕ್ ತೆರೆದು ಮತ್ತೊಮ್ಮೆ ನೋಡಿ. ಗಾಲಿ ಮಡಚಲೇಬೇಡಿ. ಇಳಿಯುವ ಗಡಿಬಿಡಿಯಲ್ಲಿ ಬ್ರೇಕೆಂದು ಗಾಲಿಯ ಹಿಡಿಯನ್ನು ಎಳೆದಾಡಿದವರ ಕಥೆ ಎಲ್ಲ ಕ್ಲಬ್ಬುಗಳಲ್ಲೂ ಇದೆ. ಇಳಿಯುವಾಗ ಕೈಪಿಡಿಯ ವೇಗಕ್ಕಿಂತ ಹೆಚ್ಚಿಟ್ಟುಕೊಂಡರೆ ಸಿರಸ್ ನೆಲ ಮುಟ್ಟದೆ ತೇಲುತ್ತಲೇ ಇರುತ್ತದೆ.

ಇದರಲ್ಲಿ ಯಾವುದನ್ನೂ ನಾನು ಹಿಂದಿನ ಸೀಟಿನಿಂದ ತೋರಿಸಿಕೊಡಲಾರೆ, ಹಿಂದಿನ ಸೀಟೇ ಇಲ್ಲ. ಆದ್ದರಿಂದ ಹಾರುವ ಮುನ್ನ ಇದನ್ನೆಲ್ಲ ನಿಮ್ಮ ಕ್ಲಬ್ಬಿನ ಇನ್‌ಸ್ಟ್ರಕ್ಟರ್ ಮುಂದೆ ಬಾಯಿಬಿಟ್ಟು ಒಪ್ಪಿಸಿ.

ಪ್ರಶ್ನೆ: ಎಂಜಿನ್ ಇಲ್ಲದ ವಿಮಾನ ರನ್‌ವೇ ತಲುಪಲಾಗದಿದ್ದರೆ ಏನು ಮಾಡುತ್ತದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೊಲದಲ್ಲಿ ಇಳಿಯುತ್ತದೆ. ಗಾಳಿ ಅಲುಗದಿದ್ದರೆ ನೂರು ಮೀಟರ್ ಎತ್ತರಕ್ಕೆ ಸುಮಾರು ಮೂರೂವರೆ ಕಿಲೋಮೀಟರ್ ಸಾಗಬಹುದು. ಆ ಲೆಕ್ಕವನ್ನು ಕೊನೆಯ ಮೀಟರಿನವರೆಗೆ ನೆಚ್ಚಿಕೊಳ್ಳದೆ, ಎತ್ತರವಿರುವಾಗಲೇ ಕೊಯ್ಲಾದ ಹೊಲವೊಂದನ್ನು ಗೊತ್ತು ಮಾಡಿಕೊಳ್ಳಬೇಕು. ಆಮೇಲೆ ಗೆಳೆಯರು ಟ್ರೇಲರ್ ತರುತ್ತಾರೆ, ರೆಕ್ಕೆ ಬಿಚ್ಚಿ ಮನೆಗೆ ಒಯ್ಯುತ್ತೇವೆ. ರೈತನನ್ನು ಮಾತಾಡಿಸಿ, ಬೆಳೆಗೆ ಹಾನಿಯಾಗಿದ್ದರೆ ವಿಮೆಯ ವಿವರ ಕೊಟ್ಟೇ ಹೊರಡಬೇಕು.