ಲೂಸಿಯ ಮೂಳೆಗಳಿಗೆ ಸುಮಾರು 32 ಲಕ್ಷ ವರ್ಷ ಅಂತ ಹೇಗೆ ಗೊತ್ತಾಯಿತು?

ಲೂಸಿ ಮನುಷ್ಯರ ದೂರದ ನೆಂಟಳು. ಅವಳ ಮೂಳೆಯನ್ನೇ ಪರೀಕ್ಷಿಸಿ ವಯಸ್ಸು ಹೇಳಿದರು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮೂಳೆಯಿಂದಲೇ ವಯಸ್ಸು ಹೇಳುವ ಕಾರ್ಬನ್ ಪರೀಕ್ಷೆ ಸುಮಾರು 50 ಸಾವಿರ ವರ್ಷದಾಚೆ ಕೆಲಸಕ್ಕೆ ಬರುವುದಿಲ್ಲ. ವಯಸ್ಸು ಸಿಕ್ಕಿದ್ದು ಸುತ್ತಲಿನ ಮಣ್ಣಿನಿಂದ.

ಲೂಸಿ 1974ರಲ್ಲಿ ಇಥಿಯೋಪಿಯದ ಹಡಾರ್‌ನಲ್ಲಿ ಸಿಕ್ಕಳು. ಆ ಜಾಗವನ್ನು ಮೊದಲು ಗುರುತಿಸಿದ್ದು ಮೊರೀಸ್ ತಯೆಬ್ ಎಂಬ ಫ್ರೆಂಚ್ ಭೂವಿಜ್ಞಾನಿ (ಈ ಹೆಸರು ಯಾಕೋ ಯಾರಿಗೂ ನೆನಪಿರುವುದಿಲ್ಲ). ಅಲ್ಲಿ ಹಳೆಯ ಕೆರೆ, ನದಿಗಳ ಹೂಳು ಪದರ ಪದರವಾಗಿ ಕೂತಿದೆ, ನಡುನಡುವೆ ಜ್ವಾಲಾಮುಖಿಯ ಬೂದಿಯೂ ಇದೆ. ಈ ಬೂದಿಯೇ ಗಡಿಯಾರ. ಅದರ ಹರಳುಗಳಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ಬಹಳ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಕರಗಿದ್ದಾಗ ಹಳೆಯ ಆರ್ಗಾನ್ ಹಾರಿಹೋಗಿರುತ್ತದೆ, ಹಾಗಾಗಿ ಆಮೇಲೆ ಕೂಡಿಕೊಂಡಿದ್ದನ್ನು ಅಳೆದರೆ ಬೂದಿ ಬಿದ್ದ ಕಾಲ ಸಿಗುತ್ತದೆ. ಲೂಸಿ ಸಿಕ್ಕ ಪದರದ ಸ್ವಲ್ಪ ಕೆಳಗಿರುವ ಬೂದಿಗೆ ಸುಮಾರು 31.8 ಲಕ್ಷ ವರ್ಷ. ಅಂದರೆ ಅವಳು ಅದಕ್ಕಿಂತ ತುಸು ಈಚಿನವಳು.

ಮೂಳೆ ಮಳೆನೀರಲ್ಲಿ ಕೊಚ್ಚಿಕೊಂಡು ಬೇರೆ ಪದರದಿಂದ ಬಂದಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ ಅಲ್ವಾ? ಅದಕ್ಕೇ ಇಂಥ ಕಡೆ ಮೂಳೆಗೆ ಅಂಟಿದ ಮಣ್ಣು ಯಾವ ಪದರದ್ದು ಅಂತಲೂ ಭೂವಿಜ್ಞಾನಿಗಳು ನೋಡುತ್ತಾರೆ.